ಏಕಾಂತ ಮತ್ತು ಅದರ ಋಣ

ಪುಷ್ಯ ಮಾಸದ ಬನದ ಹುಣ್ಣಿಮೆಯಂದು ಚೊಳಚಗುಡ್ಡದ ಬಳಿ ಬನಶಂಕರಿಯ ತೇರು ಸಾಗಿತೆಂದರೆ, ಅಲ್ಲಿಂದ ಸುಮಾರು ಒಂದು ತಿಂಗಳ ಕಾಲ ಆ ಬನದಲ್ಲಿ ನಿಶ್ಶಬ್ದಕ್ಕೆ ಎಡೆಯಿರುವುದಿಲ್ಲ. ನಾಟಕ ಕಂಪನಿಗಳ ಡೇರೆಗಳು, ಮಿಠಾಯಿ ಅಂಗಡಿಗಳು, ಬಂಡಿ-ಬಸ್ಸುಗಳಲ್ಲಿ ಬಂದಿಳಿಯುವ ಜನಸಾಗರ, ಇವೆಲ್ಲವೂ ಸೇರಿ ಹಗಲು ರಾತ್ರಿಗಳ ಭೇದವನ್ನೇ ಅಳಿಸಿಬಿಡುತ್ತವೆ. ಜಾತ್ರೆ ಮುಗಿದು ಡೇರೆಗಳು ಕಿತ್ತುಹೋದ ಮೇಲೆ ಅದೇ ನೆಲ ಬೇರೆಯಾಗಿ ಕಾಣುತ್ತದೆ. ಮೂರು ಕಡೆ ಕಲ್ಲಿನ ಮಂಟಪಗಳನ್ನು ಹೊತ್ತ ವಿಶಾಲವಾದ ಹರಿದ್ರಾತೀರ್ಥ, ತೆಂಗು-ಬಾಳೆಗಳ ತೋಟ, ಎಲೆಗಳ ಮೇಲೆ ಗಾಳಿ ಹಾಯುವ ಸದ್ದು. ನೀರಿದ್ದ ವರ್ಷ ಆ ಹೊಂಡದ ಮೆಟ್ಟಿಲ ಮೇಲೆ ಒಂದು ಗಳಿಗೆ ಕುಳಿತವನಿಗೆ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಜಾತ್ರೆಗೆ ಹೋಗಬೇಕೆಂಬ ಆಸೆಯೂ ಜಾತ್ರೆಯಿಂದ ದೂರವಿರಬೇಕೆಂಬ ಆಸೆಯೂ ಒಬ್ಬನೇ ಮನುಷ್ಯನಲ್ಲಿರುವುದನ್ನು ನಾವು ದಿನವೂ ಕಾಣುತ್ತೇವೆ. ಇವುಗಳಲ್ಲಿ ಎರಡನೆಯ ಆಸೆಯನ್ನು ಕುರಿತು, ಅದು ಧರ್ಮಸಮ್ಮತವೆ, ಸಮ್ಮತವಾದರೆ ಯಾವ ಕಟ್ಟಳೆಗೆ ಒಳಪಟ್ಟು ಸಮ್ಮತ ಎಂಬುದನ್ನು ಕುರಿತು, ವಾಚಕರೊಡನೆ ಒಂದಿಷ್ಟು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಇಂದು ಈ ಆಸೆಗೆ ಹೊಸ ರೂಪಗಳು ಬಂದಿವೆ. ಮಠದ ಪ್ರಸಾದ ನಿಲಯಗಳಲ್ಲಿ ಓದಿ ಬೆಳೆದ ಅನೇಕರು ಈಗ ಬೆಂಗಳೂರು, ಪುಣೆಗಳಲ್ಲಿದ್ದಾರೆ. ಕೆಲವರು ಸಮುದ್ರದಾಚೆಯ ದೇಶಗಳಲ್ಲಿದ್ದಾರೆ. ವರ್ಷಪೂರ್ತಿ ದುಡಿದು ದಣಿದ ಅವರು ರಜೆ ಬಂದೊಡನೆ ಜನಸಂದಣಿಯಿಲ್ಲದ, ಇನ್ನೂ ಕೆಡದ ಒಂದು ತಾಣವನ್ನು ಅರಸುತ್ತಾರೆ. ಕೆಲವರು ಮಲೆನಾಡಿಗೆ ಹೋಗುತ್ತಾರೆ, ಕೆಲವರು ಗ್ರೀಸ್ ದೇಶದ ಏಜಿಯನ್ ಸಮುದ್ರದ ಪುಟ್ಟ ದ್ವೀಪಗಳಿಗೂ ಹೋಗಿ ಬರುತ್ತಾರೆ. ಬಿಳಿಯ ಮನೆಗಳು, ನೀಲಿಯ ಕಡಲು, ವಾಹನಗಳ ಸದ್ದಿಲ್ಲದ ಓಣಿಗಳು ಅವರ ಮನಸ್ಸನ್ನು ಸೆಳೆಯುತ್ತವೆ. ಇದನ್ನು ಕೇಳಿದೊಡನೆ ‘ಭೋಗಲಾಲಸೆ’ ಎಂದು ಮೂಗು ಮುರಿಯುವುದು ಸುಲಭ. ಆದರೆ ಅದು ನ್ಯಾಯವಲ್ಲ. ದಣಿದ ಜೀವಕ್ಕೆ ವಿಶ್ರಾಂತಿ ಬೇಕು. ಗದ್ದಲದಲ್ಲಿ ತನ್ನ ಮಾತು ತನಗೇ ಕೇಳಿಸದ ಮನುಷ್ಯನು ಮೌನವನ್ನು ಬಯಸಿದರೆ ಅದು ಹಸಿದವನು ಅನ್ನವನ್ನು ಬಯಸಿದಷ್ಟೇ ಸಹಜ.

‘ಶಾಂತಿಯು ಮನಸ್ಸಿನಲ್ಲಿದೆ, ಸ್ಥಳದಲ್ಲಿಲ್ಲ, ಮನಸ್ಸು ನೆಟ್ಟಗಿದ್ದರೆ ಸಂತೆಯೂ ತಪೋವನವೇ’ ಎಂದು ಉತ್ತರ ಕೊಡುವವರುಂಟು. ಈ ಮಾತಿನಲ್ಲಿ ಸತ್ಯವಿದೆ, ಆದರೆ ಅದು ಅರ್ಧ ಸತ್ಯ. ಪೂರ್ಣ ಸತ್ಯವಾಗಿದ್ದ ಪಕ್ಷದಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸುವಾಗ ಊರಿಂದ ದೂರವಾದ ಮಲಪ್ರಭೆಯ ದಂಡೆಯನ್ನೇ ಏಕೆ ಆರಿಸಿಕೊಂಡರು? ಪೇಟೆಯ ನಡುವೆ ಒಂದು ಕಟ್ಟಡ ಸಾಕಾಗುತ್ತಿತ್ತಲ್ಲವೆ? ಬಾದಾಮಿಯ ಗುಡ್ಡಗಳ ಮರೆಯಲ್ಲಿರುವ ಮಹಾಕೂಟವನ್ನು ನೋಡಿರಿ. ಬಂಡೆಗಳ ನಡುವಿನಿಂದ ಒರತೆಯ ನೀರು ಪುಷ್ಕರಿಣಿಗೆ ಬರುತ್ತದೆ. ಸುತ್ತ ಮರಗಳ ನೆರಳು, ಹಳೆಯ ಗುಡಿಗಳು. ಆರನೆಯ ಶತಮಾನದ ಕೊನೆಯ ವೇಳೆಗೇ ಅದು ಚಾಲುಕ್ಯರ ಅರಮನೆಯವರು ನಡೆದುಕೊಳ್ಳುತ್ತಿದ್ದ ಕ್ಷೇತ್ರವಾಗಿತ್ತು. ಮಂಗಲೇಶನ ಕಾಲದ ಸ್ತಂಭಶಾಸನವು ಅಲ್ಲಿಯ ದೇವರಿಗೆ ರಾಣಿ ದುರ್ಲಭದೇವಿಯಿಂದ ಬಂದ ದತ್ತಿಯನ್ನು ಹೇಳುತ್ತದೆ. ಆ ಕಂಬವನ್ನು ಇಂದು ವಿಜಯಪುರದ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ, ಒರತೆ ಮಾತ್ರ ತನ್ನ ಸ್ಥಳದಲ್ಲಿದೆ. ಹದಿನಾಲ್ಕು ನೂರು ವರ್ಷಗಳಿಂದ ಜನರು ಅಲ್ಲಿಗೆ ನಡೆದುಹೋಗುತ್ತಿರುವುದು ಮನಸ್ಸೇ ಸರ್ವಸ್ವವೆಂದು ತಿಳಿಯದ ಮೌಢ್ಯದಿಂದಲ್ಲ. ಸ್ಥಳವು ಮನಸ್ಸನ್ನು ಮಾಡಿಕೊಡಲಾರದು ನಿಜ. ಆದರೆ ಮಾಡಿಕೊಳ್ಳುವವನಿಗೆ ಆಸರೆಯಾಗಬಲ್ಲದು. ಬಿತ್ತುವವನು ರೈತನೇ ಆದರೂ ಹದವಾದ ನೆಲ ಬೇಡವೆ?

ಹಾಗಿದ್ದರೂ ಸ್ಥಳದ ಶಕ್ತಿಗೆ ಒಂದು ಮೇರೆಯಿದೆ. ಅದನ್ನು ಆ ಗ್ರೀಕ್ ದ್ವೀಪಗಳ ಚರಿತ್ರೆಯೇ ಚೆನ್ನಾಗಿ ತೋರಿಸುತ್ತದೆ. ಇಂದು ‘ಪ್ರಶಾಂತ’ವೆಂದು ಪ್ರವಾಸಿಗರು ಕೊಂಡಾಡುವ ಅಮೋರ್ಗೋಸ್ ರೋಮನ್ ಚಕ್ರವರ್ತಿಗಳ ಕಾಲದಲ್ಲಿ ಗಡೀಪಾರಾದವರ ನೆಲೆಯಾಗಿತ್ತು. ಕ್ರಿ. ಶ. 24ರಲ್ಲಿ ಒಬ್ಬ ಆಪಾದಿತನನ್ನು ಗ್ಯಾರೋಸ್ ಇಲ್ಲವೆ ಡೊನೂಸಾ ದ್ವೀಪಕ್ಕೆ ಅಟ್ಟಬೇಕೆಂಬ ಸಲಹೆ ಬಂದಾಗ, ಅಲ್ಲಿ ಕುಡಿಯುವ ನೀರೂ ಇಲ್ಲವೆಂದು ಚಕ್ರವರ್ತಿ ಟೈಬೀರಿಯಸನು ಅದನ್ನು ತಳ್ಳಿಹಾಕಿ, ಆತನನ್ನು ಅಮೋರ್ಗೋಸಿಗೆ ಕಳುಹಿಸಿದನೆಂದು ಇತಿಹಾಸಕಾರ ಟ್ಯಾಸಿಟಸನು ಬರೆದಿಟ್ಟಿದ್ದಾನೆ. ಅದೇ ಡೊನೂಸಾ ಇಂದು ಗದ್ದಲ ಬೇಡವೆನ್ನುವವರ ಮೆಚ್ಚಿನ ತಾಣ. ಗ್ಯಾರೋಸಿನ ಕಥೆ ಇನ್ನೂ ಕಠೋರವಾದುದು. ಇಪ್ಪತ್ತನೆಯ ಶತಮಾನದಲ್ಲಿಯೂ, ಗ್ರೀಸಿನ ಅಂತರ್ಯುದ್ಧದ ಕಾಲದಲ್ಲಿ ಮತ್ತು 1967ರಿಂದ 1974ರವರೆಗಿನ ಸೈನಿಕ ಆಡಳಿತದ ಕಾಲದಲ್ಲಿ, ಅಲ್ಲಿ ರಾಜಕೀಯ ಬಂದಿಗಳನ್ನು ಕೂಡಿಹಾಕಿದ್ದರು. ಅದೇ ಸಮುದ್ರ, ಅದೇ ಬಿಸಿಲು, ಅದೇ ನಿಶ್ಶಬ್ದ. ತಾನಾಗಿ ಹೋದವನಿಗೆ ಸ್ವರ್ಗ, ತಳ್ಳಲ್ಪಟ್ಟವನಿಗೆ ಸೆರೆಮನೆ. ಹಾಗಾದರೆ ಏಕಾಂತದಲ್ಲಿ ಹಿತವಾದುದು ಬರಿಯ ನಿಶ್ಶಬ್ದವಲ್ಲ. ತಾನು ಬಯಸಿ ಹೋಗುವ ಮತ್ತು ಬಯಸಿದಾಗ ಮರಳಿ ಬರುವ ಸ್ವಾತಂತ್ರ್ಯವು ಅದರ ಜೊತೆಗಿರಬೇಕು. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಏಕೆಂದರೆ ನಮ್ಮ ವಿಚಾರದ ಮುಖ್ಯ ಗಂಟು ಇರುವುದು ಇಲ್ಲಿಯೇ.

ನಡುಗಡ್ಡೆಗಳನ್ನು ನೋಡಲು ನಾವು ಏಜಿಯನ್ನಿಗೆ ಹೋಗಬೇಕಾಗಿಲ್ಲ. ನಮ್ಮ ಕೃಷ್ಣೆಯ ಮಡಿಲಲ್ಲಿಯೇ ಅವು ಇವೆ. ಲಿಂಗಸುಗೂರು ತಾಲೂಕಿನ ಜಲದುರ್ಗ, ರಾಯಚೂರಿನ ಬಳಿಯ ಕುರ್ವಕಲಾ, ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರ, ಇವು ನೀರಿನಿಂದ ಸುತ್ತುವರಿದ ನೆಲಗಳು. ದೂರದಿಂದ ಬಂದವನು ಹರಿಗೋಲಿನಲ್ಲಿ ಕುಳಿತು ಹೊಳೆ ದಾಟುವಾಗ ‘ಎಂತಹ ಪ್ರಶಾಂತತೆ!’ ಎಂದು ಉದ್ಗರಿಸುತ್ತಾನೆ. ಆದರೆ ನಡುಗಡ್ಡೆಯ ಒಕ್ಕಲಿಗನಿಗೆ ಹರಿಗೋಲು ವಿಹಾರದ ಸಾಧನವಲ್ಲ. ದಶಕಗಳ ಕಾಲ ಅವನ ಮಕ್ಕಳು ಶಾಲೆಗೆ ಹೋದದ್ದು, ಅವನ ಮನೆಯ ಬಸುರಿ ಆಸ್ಪತ್ರೆಗೆ ಹೋದದ್ದು, ಅವನ ಬೆಳೆ ಮಾರುಕಟ್ಟೆಗೆ ಹೋದದ್ದು ಅದೊಂದರಿಂದಲೇ. ಹೊಳೆ ತುಂಬಿ ಬಂದಾಗ ಅದೂ ಇಲ್ಲ. ಸೇತುವೆ ಬೇಕೆಂದು ಅವನು ಕೇಳಿಕೊಳ್ಳುತ್ತಿರುವಾಗ, ಸೇತುವೆ ಬಂದರೆ ಈ ಸ್ಥಳ ಕೆಟ್ಟುಹೋದೀತು ಎಂದು ಪ್ರವಾಸಿಯು ಮರುಗಿದರೆ, ಅವರಿಬ್ಬರಲ್ಲಿ ಯಾರ ಮಾತಿಗೆ ಹೆಚ್ಚಿನ ತೂಕ? ಒಬ್ಬನು ‘ಕೆಡದ ಸ್ಥಳ’ವೆಂದು ಹೊಗಳುವುದು ಮತ್ತೊಬ್ಬನ ಪಾಲಿಗೆ ಬೆಳೆಯದ ಊರು. ಪ್ರವಾಸಿಯ ಎರಡು ದಿನದ ಸೊಗಸಿಗಾಗಿ ಒಕ್ಕಲಿಗನು ತಲೆಮಾರುಗಳ ಕಾಲ ಹಿಂದುಳಿಯಬೇಕೆಂದು ಬಯಸುವುದು ಅಧರ್ಮವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಬಾಗಲಕೋಟೆಯ ಜನರಿಗೆ ಈ ಮಾತು ಬೇರೊಂದು ರೀತಿಯಿಂದಲೂ ಅರ್ಥವಾಗುತ್ತದೆ. ‘ಮುಳುಗಡೆ’ ಎಂಬ ಶಬ್ದವು ಈ ಸೀಮೆಯಲ್ಲಿ ಬರಿಯ ಶಬ್ದವಲ್ಲ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನೂ ಎಷ್ಟೋ ಹಳ್ಳಿಗಳನ್ನೂ ನುಂಗಿತು. ಜನ ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಹೋಗಿ ನೆಲೆಸಿದರು. ಇಂದು ಸಂಜೆಯ ಹೊತ್ತು ಆ ಹಿನ್ನೀರಿನ ಅಂಚಿಗೆ ನಿಂತರೆ ಕಣ್ಣಿಗೆ ತಂಪು, ಮನಸ್ಸಿಗೆ ಶಾಂತಿ. ವಲಸೆಯ ಹಕ್ಕಿಗಳೂ ಬಂದಿಳಿಯುತ್ತವೆ. ಆದರೆ ಆ ಶಾಂತಿಯ ಅಡಿಯಲ್ಲಿ ಯಾರದೋ ಒಲೆಯ ಕಲ್ಲು, ಯಾರದೋ ಹಿರಿಯರ ಗದ್ದುಗೆ, ಯಾರದೋ ಕರಿ ಎರೆಯ ಹೊಲ ಮಲಗಿವೆ. ಆ ನೀರಿನಿಂದ ಲಕ್ಷಾಂತರ ಎಕರೆ ಹಸಿರಾಯಿತೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅದನ್ನು ನೋಡುತ್ತ ನಿಲ್ಲುವುದೂ ತಪ್ಪಲ್ಲ. ಅದರ ಬೆಲೆಯನ್ನು ತೆತ್ತವರನ್ನು ಮರೆತು ನಿಲ್ಲುವುದು ತಪ್ಪು. ನಾವು ಅನುಭವಿಸುವ ಯಾವ ನಿಶ್ಶಬ್ದವೂ ಬಿಟ್ಟಿಯಾಗಿ ಬಂದುದಲ್ಲ.

ಇನ್ನು ಏಕಾಂತವನ್ನು ಅರಸಿ ಹೋದವರೇ ಅದನ್ನು ನಾಶಮಾಡುವ ವಿಪರ್ಯಾಸವನ್ನು ನೋಡೋಣ. ಹಂಪಿಯ ಎದುರು ತುಂಗಭದ್ರೆಯ ಆಚೆಗಿರುವ ವಿರೂಪಾಪುರ ಗಡ್ಡೆಯು ಬತ್ತದ ಗದ್ದೆಗಳ, ಬಂಡೆಗುಡ್ಡಗಳ ಸ್ತಬ್ಧ ಪ್ರದೇಶವಾಗಿತ್ತು. ಆ ಸ್ತಬ್ಧತೆಯನ್ನು ಕೇಳಿ ದೇಶವಿದೇಶಗಳ ಪ್ರವಾಸಿಗರು ಹರಿಗೋಲು ಹತ್ತಿ ಬಂದರು. ಬಂದವರಿಗೆ ಗುಡಿಸಲುಗಳಾದವು, ಗುಡಿಸಲುಗಳು ರೆಸಾರ್ಟುಗಳಾದವು, ರಾತ್ರಿಯ ಸಂಗೀತ ಶುರುವಾಯಿತು. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿದಾಗ ನೂರಾರು ಪ್ರವಾಸಿಗರು ಅಲ್ಲಿ ಸಿಕ್ಕಿಬಿದ್ದು, ದೋಣಿ, ಹೆಲಿಕಾಪ್ಟರುಗಳಿಂದ ಪಾರಾಗಬೇಕಾಯಿತು. ಪಾರಂಪರಿಕ ಪ್ರದೇಶದ ನಿಯಮಗಳನ್ನು ಮೀರಿ ಕಟ್ಟಿದ ಆ ವಸತಿಗಳ ವಿರುದ್ಧದ ತೀರ್ಪನ್ನು 2020ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಮಾರ್ಚಿನಲ್ಲಿ ಅವುಗಳನ್ನು ಕೆಡವಲಾಯಿತು. ಗ್ರೀಸಿನ ಸ್ಯಾಂಟೊರೀನಿಯದೂ ಇದೇ ಕಥೆ, ದೊಡ್ಡ ಪ್ರಮಾಣದಲ್ಲಿ. ಹದಿನೈದು ಸಾವಿರದಷ್ಟು ಜನರು ವಾಸಿಸುವ ಆ ದ್ವೀಪಕ್ಕೆ ವರ್ಷಕ್ಕೆ 30 ಲಕ್ಷಕ್ಕೂ ಮಿಕ್ಕಿ ಪ್ರವಾಸಿಗರು ಬರತೊಡಗಿ, ಕೊನೆಗೆ ವಿಹಾರದ ಹಡಗುಗಳಲ್ಲಿ ಬರುವವರ ಸಂಖ್ಯೆಗೆ ದಿನಕ್ಕೆ 8,000ದ ಮಿತಿಯನ್ನು ಗೊತ್ತುಪಡಿಸಬೇಕಾಯಿತು. 2025ರ ಜುಲೈಯಿಂದ ಬೇಸಿಗೆಯ ದಿನಗಳಲ್ಲಿ ಅಂತಹ ಪ್ರತಿಯೊಬ್ಬ ಪ್ರಯಾಣಿಕನ ಮೇಲೆ 20 ಯೂರೋ ಸುಂಕವೂ ಬಂದಿತು.

ಪ್ರವಾಸಿಗರನ್ನು ದೂಷಿಸಿ, ‘ನಾವು ಯಾತ್ರಿಕರು, ನಮ್ಮಲ್ಲಿ ಆ ದೋಷವಿಲ್ಲ’ ಎಂದು ಭಕ್ತರು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಯಾವ ತೀರ್ಥದ ಮೆಟ್ಟಿಲ ಮೇಲೆ ಇಂದು ಸಾಬೂನಿನ ಹೊದಿಕೆ, ಶಾಂಪೂ ಪೊಟ್ಟಣ, ಬಿಟ್ಟುಹೋದ ಒದ್ದೆ ಬಟ್ಟೆ ಕಾಣುವುದಿಲ್ಲ? ಯಾವ ಕ್ಷೇತ್ರದ ಗಿಡದಲ್ಲಿ ಧ್ವನಿವರ್ಧಕ ತೂಗುವುದಿಲ್ಲ? ದೇವರ ಹೆಸರಿನಿಂದ ಮಾಡಿದ ಮಾತ್ರಕ್ಕೆ ಹೊಲಸು ಮಡಿಯಾಗದು, ಗದ್ದಲ ಭಜನೆಯಾಗದು. ಒಂದು ಸ್ಥಳದ ಮೌನವು ಊರ ಕೆರೆಯ ನೀರಿದ್ದಂತೆ. ಒಬ್ಬೊಬ್ಬರು ಒಂದೊಂದು ಕೊಡ ತುಂಬಿಕೊಂಡರೆ ಕೆರೆ ಬತ್ತುವುದಿಲ್ಲ. ತುಂಬಿಕೊಂಡು ಹೋಗುವಾಗ ಕಾಲು ತೊಳೆದು ರಾಡಿಮಾಡಿದರೆ ಹಿಂದೆ ಬರುವವನಿಗೆ ಏನು ಉಳಿಯಿತು?

ಹಾಗೆಂದು ಯಾರನ್ನೂ ಒಳಬಿಡದೆ ಕಾಪಾಡಿದ ಪಾವಿತ್ರ್ಯವೂ ನಮಗೆ ಮಾದರಿಯಲ್ಲ. ಗ್ರೀಕರ ಡೀಲೋಸ್ ದ್ವೀಪವನ್ನು ಕ್ರಿ. ಪೂ. 426ರಲ್ಲಿ ಅಥೆನ್ಸಿನವರು ಶುದ್ಧಿಗೊಳಿಸಿದರು. ಅಲ್ಲಿದ್ದ ಸಮಾಧಿಗಳನ್ನೆಲ್ಲ ಕಿತ್ತು ಸಾಗಿಸಿ, ಇನ್ನು ಮುಂದೆ ಆ ನೆಲದಲ್ಲಿ ಯಾರೂ ಹುಟ್ಟಬಾರದು, ಯಾರೂ ಸಾಯಬಾರದು ಎಂದು ವಿಧಿಸಿದರು. ಹುಟ್ಟಿಗೂ ಸಾವಿಗೂ ಎಡೆಯಿಲ್ಲದ ನೆಲದಲ್ಲಿ ಬದುಕಿಗೆ ಎಲ್ಲಿಯ ಎಡೆ? ಮನುಷ್ಯನನ್ನು ಹೊರದೂಡಿ ಪಡೆದ ಶುಚಿಯಿಂದ ಮನುಷ್ಯನಿಗೆ ಆಗುವ ಲಾಭವು ಅಲ್ಪ. ಆ ದೃಷ್ಟಿಯಿಂದ ನಮ್ಮ ಬನಶಂಕರಿಯ ಕ್ರಮವೇ ಹೆಚ್ಚು ವಿವೇಕದ್ದೆಂದು ತೋರುತ್ತದೆ. ಜಾತ್ರೆಗೊಂದು ಕಾಲ, ಮೌನಕ್ಕೊಂದು ಕಾಲ. ತಾಯಿಗೆ ನೂರೆಂಟು ತರಕಾರಿಗಳ ನೈವೇದ್ಯ ಬರುವುದು ಊರೂರ ತೋಟಗಳಿಂದ. ಜನರ ದುಡಿಮೆಯನ್ನು ಬಿಟ್ಟು ಆ ಬನಕ್ಕೆ ಬೇರೆ ಪಾವಿತ್ರ್ಯವಿಲ್ಲ.

ಏಕಾಂತವು ಯಾತಕ್ಕಾಗಿ ಎಂಬ ಪ್ರಶ್ನೆಗೆ ನಮ್ಮ ಪರಂಪರೆಯಲ್ಲಿ ಸ್ಪಷ್ಟವಾದ ಉತ್ತರವಿದೆ. ಬಸವಣ್ಣನವರು ಎಳೆಯ ವಯಸ್ಸಿನಲ್ಲಿ ಕೃಷ್ಣಾ-ಮಲಪ್ರಭೆಯರ ಸಂಗಮಕ್ಕೆ ಬಂದು ಅಲ್ಲಿ ಬೆಳೆದರೆಂದು ಸಂಪ್ರದಾಯವು ಹೇಳುತ್ತದೆ. ಆದರೆ ಅವರು ಅಲ್ಲಿಯೇ ನಿಲ್ಲಲಿಲ್ಲ. ಮಂಗಳವಾಡಕ್ಕೆ ಹೋದರು, ಕಲ್ಯಾಣಕ್ಕೆ ಹೋದರು, ರಾಜ್ಯದ ಬೊಕ್ಕಸದ ಲೆಕ್ಕದ ನಡುವೆ, ಜನರ ಗದ್ದಲದ ನಡುವೆ, ವಾದವಿವಾದಗಳ ನಡುವೆ ಬದುಕಿದರು. ಮರಳಿ ಸಂಗಮಕ್ಕೆ ಬಂದುದು ಕಡೆಯಲ್ಲಿ. ಇಂದು ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ, ಬಾವಿಯಂತಹ ಗೋಡೆಯೊಳಗೆ ಮೆಟ್ಟಿಲಿಳಿದು ನಾವು ದರ್ಶನ ಮಾಡುವ ಐಕ್ಯಮಂಟಪವು ಒಂದು ಪುಟ್ಟ ದ್ವೀಪದಂತೆಯೇ ಇದೆ. ಅಕ್ಕಮಹಾದೇವಿಯೂ ಶ್ರೀಶೈಲದ ಕದಳಿಗೆ ಹೋದುದು ಕಲ್ಯಾಣದ ಶರಣಸಂಗವನ್ನು ಹಾದ ಮೇಲೆ. ಅವರಿಗೆ ಏಕಾಂತವು ಲೋಕಾಂತದ ಸಿದ್ಧತೆಯಾಗಿತ್ತು, ಅಥವಾ ಅದರ ಪರಿಪಾಕವಾಗಿತ್ತು. ಲೋಕದ ಹೊಣೆಯಿಂದ ತಪ್ಪಿಸಿಕೊಳ್ಳುವ ಕಿಂಡಿಯಾಗಿರಲಿಲ್ಲ. ಶಿವಯೋಗಮಂದಿರದ ವಟುಗಳೂ ಹೊಳೆಯ ದಂಡೆಯಲ್ಲಿ ಕಲಿತದ್ದು ಊರೂರ ಮಠಗಳಿಗೆ ಹೋಗಿ ಜನರ ನಡುವೆ ನಿಲ್ಲಲೆಂದೇ.

ಶಬ್ದಗಳ ಸಾಕ್ಷ್ಯವೂ ಇಲ್ಲಿ ಬೋಧಪ್ರದವಾಗಿದೆ. ಕ್ರೈಸ್ತ ಸಂನ್ಯಾಸಿಯನ್ನು ಕರೆಯುವ ಗ್ರೀಕ್ ಪದದ ಧಾತುವಿಗೆ ‘ಒಂಟಿ’ ಎಂದು ಅರ್ಥ. ಆದರೂ 1088ರಲ್ಲಿ ಪಾಟ್ಮೋಸ್ ದ್ವೀಪದಲ್ಲಿ ಸಂತ ಕ್ರಿಸ್ಟೊಡುಲೋಸನು ಮಠವನ್ನು ಕಟ್ಟಿದಾಗ ಆ ಒಂಟಿಗಳೆಲ್ಲ ಕೂಡಿಯೇ ಬಾಳಿದರು. ನಮ್ಮ ‘ಮಠ’ ಶಬ್ದಕ್ಕಾದರೋ ಅಮರಕೋಶವು ಹೇಳುವ ಅರ್ಥವೇ ವಿದ್ಯಾರ್ಥಿಗಳ ನಿಲಯವೆಂದು. ಏಕಾಂತದ ಮನೆಗೂ ಹತ್ತು ಜನರ ಉಸಿರು ಬೇಕು.

ಈ ಮಠದ ವಿದ್ಯಾರ್ಥಿಗಳಾಗಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ಜಾವದಲ್ಲಿ ದೀಪದ ಮುಂದೆ ಕುಳಿತು ಓದಲು ನಿಮಗೆ ದೊರೆತ ಆ ನಿಶ್ಶಬ್ದವನ್ನು ನೆನೆಯಿರಿ. ಆ ಹೊತ್ತಿನಲ್ಲಿ ಯಾರೋ ಎದ್ದು ಒಲೆ ಹೊತ್ತಿಸಿದ್ದರು. ಯಾವುದೋ ಹಳ್ಳಿಯ ರೈತನು ತನ್ನ ಕಣದ ರಾಶಿಯಿಂದ ಮಠಕ್ಕೆಂದು ಜೋಳವನ್ನು ಅಳೆದು ಕೊಟ್ಟಿದ್ದನು. ಆತನ ಮಗನು ಓದಿದನೋ ಇಲ್ಲವೋ! ನಿಮ್ಮ ವಿದ್ಯೆಗೆ ಬೇಕಾದ ಏಕಾಂತವನ್ನು ಎಷ್ಟೋ ಜನರ ದಾಸೋಹವು ಕೂಡಿಸಿಕೊಟ್ಟಿತು. ಇದನ್ನೇ ನಾನು ಏಕಾಂತದ ಋಣವೆಂದು ಕರೆಯುವುದು.

ಈಗ ಮೊದಲು ಹೇಳಿದ ಗಂಟಿಗೆ ಬರೋಣ. ಬಯಸಿ ಪಡೆದ ಏಕಾಂತವು ವರವಾದರೆ, ಬಯಸದೆ ಬಂದ ಏಕಾಂತವು ಸೆರೆ ಎಂದೆವು. ಬಾದಾಮಿ, ಹುನಗುಂದ, ಇಳಕಲ್ಲುಗಳ ಹಳ್ಳಿಗಳಲ್ಲಿ ಇಂದು ಹಿರಿಯರಿಬ್ಬರೇ ಉಳಿದ ಮನೆಗಳೆಷ್ಟೋ ಇವೆ. ಒಬ್ಬರೇ ಉಳಿದ ಮನೆಗಳೂ ಇವೆ. ಮಗ್ಗದ ಕುಣಿ ಬರಿದಾಗಿದೆ, ದನದ ಕೊಟ್ಟಿಗೆ ಬರಿದಾಗಿದೆ, ಪಡಸಾಲೆಯಲ್ಲಿ ಗಡಿಯಾರದ ಸದ್ದೊಂದೇ. ಅಲ್ಲಿಯೂ ನಿಶ್ಶಬ್ದವಿದೆ, ಯಾವ ಗ್ರೀಕ್ ದ್ವೀಪಕ್ಕೂ ಕಡಿಮೆಯಿಲ್ಲದ ನಿಶ್ಶಬ್ದ. ಆದರೆ ಅದನ್ನು ಅವರು ಬೇಡಿ ಪಡೆಯಲಿಲ್ಲ. ಅದನ್ನು ಬಿಟ್ಟು ಹೋಗಲು ಅವರಿಗೆ ಬೇರೆ ದಾರಿಯೂ ಇಲ್ಲ. ಮಗನು ಹಣ ತೆತ್ತು ಒಂದು ನಡುಗಡ್ಡೆಯಲ್ಲಿ ಏಕಾಂತವನ್ನು ಕೊಳ್ಳುತ್ತಿರುವಾಗ, ಅವನ ತಾಯಿಯು ಮತ್ತೊಂದು ನಡುಗಡ್ಡೆಯಲ್ಲಿ ಆ ಏಕಾಂತದಿಂದಲೇ ಬಳಲುತ್ತಿರಬಹುದು. ಅವಳಿರುವ ಸ್ಥಳಕ್ಕೆ ಹೊಳೆ ಸುತ್ತುವರಿದಿಲ್ಲ, ಬಸ್ಸುಂಟು. ಆದರೂ ಅದು ನಡುಗಡ್ಡೆಯೇ. ಹಣ ಕಳುಹಿಸಿದೆವು, ಫೋನ್ ಮಾಡಿದೆವು ಎಂದರೆ ಅದು ಹರಿಗೋಲನ್ನು ದಡದಲ್ಲಿ ಕಟ್ಟಿಹಾಕಿದಂತೆ. ದಾಟಿ ಬಂದಂತೆ ಆಗುವುದಿಲ್ಲ.

ಇದನ್ನು ಓದಿದ ಕೆಲವರಿಗೆ ಮನಸ್ಸು ನೊಂದೀತು. ದುಡಿಯುವವನ ಕಷ್ಟಗಳೂ ನಿಜವಾದವು. ರಜೆಯ ಹತ್ತು ದಿನಗಳನ್ನು ಮಕ್ಕಳಿಗೆ, ಮಡದಿಗೆ, ತನ್ನ ದಣಿವಿಗೆ, ತಾಯಿಗೆ ಎಂದು ಹಂಚುವುದು ಸುಲಭವಲ್ಲ. ಪ್ರವಾಸವನ್ನು ಬಿಟ್ಟುಬಿಡಿರೆಂದು ನಾನು ಹೇಳುವುದಿಲ್ಲ. ಲೆಕ್ಕವನ್ನು ಮಾತ್ರ ಪ್ರಾಮಾಣಿಕವಾಗಿ ಮಾಡಿರಿ ಎನ್ನುತ್ತೇನೆ. ನನ್ನ ಈ ನಿಶ್ಶಬ್ದದ ಬೆಲೆಯನ್ನು ಯಾರು ತೆರುತ್ತಿದ್ದಾರೆ? ನಾನು ಎದ್ದು ಬಂದ ಮೇಲೆ ಆ ಸ್ಥಳವು ಮುಂದೆ ಬರುವವನಿಗೆ, ಅಲ್ಲಿಯೇ ಇರುವವನಿಗೆ, ಮೊದಲಿನಂತೆಯೇ ಉಳಿದಿದೆಯೆ? ಅಲ್ಲಿಂದ ನಾನು ತಂದ ಶಾಂತಿಯಲ್ಲಿ ಮನೆಯವರಿಗೆ ಪಾಲುಂಟೆ? ಹೋಗುವ ಮುನ್ನವೂ ಬಂದ ಮೇಲೂ ಈ ಪ್ರಶ್ನೆಗಳನ್ನು ಕೇಳಿಕೊಂಡವನು ಮಹಾಕೂಟಕ್ಕೆ ಹೋದರೂ ಸರಿ, ಅಮೋರ್ಗೋಸಿಗೆ ಹೋದರೂ ಸರಿ, ಅತಿಥಿಯಾಗಿ ಹೋಗಿ ಅತಿಥಿಯಾಗಿ ಬರುತ್ತಾನೆ.

ಮೂರನೆಯ ಪ್ರಶ್ನೆಯ ಬಗೆಗೆ ಒಂದು ಮಾತು. ಇಳಕಲ್ಲಿನ, ಗುಳೇದಗುಡ್ಡದ ನೇಕಾರ ಹೆಂಗಸಿಗೆ ಮಗ್ಗದ ಸದ್ದಿನಿಂದ ರಜೆಯಿಲ್ಲ, ಮನೆಗೆಲಸದಿಂದಲೂ ಇಲ್ಲ. ಅವಳಿಗೆ ದ್ವೀಪದ ಕನಸು ಬೇಡ. ದಿನಕ್ಕೆ ಅರ್ಧ ತಾಸು ಯಾರೂ ಕೂಗಿ ಕರೆಯದ ಹೊತ್ತು ಸಿಕ್ಕರೆ ಅದೇ ಅವಳ ಮಹಾಕೂಟ. ಅಂತಹ ಅರ್ಧ ತಾಸನ್ನು ಮನೆಯ ಒಬ್ಬರು ಇನ್ನೊಬ್ಬರಿಗೆ ಕೊಡಬಲ್ಲರು. ಅದಕ್ಕೆ ಹಣ ಬೇಡ, ಹಡಗು ಬೇಡ. ಕೆಲಸವನ್ನು ತಾನು ವಹಿಸಿಕೊಂಡು ‘ನೀನು ಸ್ವಲ್ಪ ಕುಳಿತುಕೋ’ ಎನ್ನುವುದೂ ದಾಸೋಹವೇ. ಅನ್ನದಾಸೋಹ, ಜ್ಞಾನದಾಸೋಹಗಳ ಮಾತನ್ನು ನಾವು ಬಹುಕಾಲದಿಂದ ಕೇಳಿದ್ದೇವೆ. ಏಕಾಂತದ ದಾಸೋಹವೂ ಒಂದಿರಲಿ. ಒಂಟಿಯಾಗಿ ಬಳಲುವವರ ಬಳಿಗೆ ಹೋಗಿ ಕುಳಿತುಕೊಳ್ಳುವುದು, ಗದ್ದಲದಲ್ಲಿ ಬಳಲುವವರಿಗೆ ಬಿಡುವು ಮಾಡಿಕೊಡುವುದು, ಇವೆರಡೂ ಅದರ ಅಂಗಗಳು.

ಬರುವ ಬನದ ಹುಣ್ಣಿಮೆಗೆ ನಿಮ್ಮಲ್ಲಿ ಅನೇಕರು ಊರಿಗೆ ಬರುವಿರಿ. ತೇರನ್ನು ಕಂಡು ಅದೇ ರಾತ್ರಿಯ ಬಸ್ಸಿಗೆ ಮರಳಿಹೋಗದೆ, ಜಾತ್ರೆಯ ಸದ್ದಡಗಿದ ಮೇಲಿನ ಮನೆಯಲ್ಲಿ ಹಿರಿಯರೊಡನೆ ಇನ್ನೊಂದೆರಡು ದಿನ ನಿಲ್ಲಿರಿ.